ಕ್ಯಾಮಿಲಸರ ಟೋಸ್ಟ್ ಮತ್ತು ಇನ್ನೂರ ಮೂವತ್ತೊಂದರ ಸರಾಸರಿ

ಕ್ಯಾಮಿಲಸ್ ಮೊಂತೇರೊ ಅವರ ಕೈಗೆ ಮೈಕು ಕೊಡುವುದು ಸುಲಭ, ವಾಪಸ್ ತೆಗೆದುಕೊಳ್ಳುವುದು ಕಷ್ಟ ಎಂಬುದು ದುಬೈ, ಶಾರ್ಜಾ, ಅಬುಧಾಬಿಗಳ ಮಂಗಳೂರು ಕ್ರೈಸ್ತರಿಗೆಲ್ಲ ತಿಳಿದ ವಿಷಯ. ತಿಳಿದೂ ಕೊಡುತ್ತಿದ್ದರು. ಕಾರಣ ಅವರ ಕಂಠ. ಹಗಲಿಡೀ ಆಸ್ಪತ್ರೆಯೊಂದರ ರಿಸೆಪ್ಷನ್ನಿನಲ್ಲಿ ರೋಗಿಗಳ ಟೋಕನ್ ಕರೆಯುವ ಆ ಕಂಠ ಎಂಥದೆಂದರೆ, ಬೆನ್ನುನೋವಿನವರೂ ಒಂದೇ ಸಲಕ್ಕೆ ಎದ್ದು ನಿಲ್ಲುತ್ತಿದ್ದರು. ಸಂಜೆಯಾದರೆ ಅದೇ ಕಂಠ ಮದುವೆಯ ಹಾಲ್‌ಗಳಲ್ಲಿ ಟೋಸ್ಟ್ ಹೇಳುತ್ತಿತ್ತು.

ಟೋಸ್ಟ್ ಅಂದರೆ ಬ್ರೆಡ್ಡಿನದಲ್ಲ. ಈ ಜನರ ಮದುವೆಯಲ್ಲಿ ಕೇಕು ಕತ್ತರಿಸಿದ ಮೇಲೆ ಬೇಕಾದವರೊಬ್ಬರು ಎದ್ದು ಮದುಮಕ್ಕಳ ಹುಟ್ಟು, ಓದು, ಉದ್ಯೋಗ, ಸಾಧನೆಗಳನ್ನೆಲ್ಲ ಸಭೆಗೆ ಬಣ್ಣಿಸಬೇಕು. ಕೊನೆಗೆ ಎಲ್ಲರೂ ಗ್ಲಾಸು ಎತ್ತಿ ಹರಸಬೇಕು. ಬಣ್ಣಿಸುವ ಕೆಲಸದಲ್ಲಿ ಕ್ಯಾಮಿಲಸ್ ಕೈ ತುಸು ಧಾರಾಳ. ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಹುಡುಗ ಅವರ ಬಾಯಲ್ಲಿ ಲಾಜಿಸ್ಟಿಕ್ಸ್ ತಜ್ಞನಾಗುತ್ತಿದ್ದ. ಪಿಯುಸಿಯನ್ನು ಮೂರು ಸಲ ಬರೆದವನು 'ಹಿಡಿದ ಪಟ್ಟು ಬಿಡದ ಯುವಕ'ನಾಗುತ್ತಿದ್ದ. ಗಲ್ಲಿ ಕ್ರಿಕೆಟ್ ಆಡಿದ ಒಬ್ಬನನ್ನು ಅವರು ಇನ್ನೇನು ರಾಜ್ಯ ತಂಡದ ಕ್ಯಾಪ್ಟನ್ ಆಗುವವನಿದ್ದ ಎಂದುಬಿಟ್ಟಾಗ, ಆ ಮದುಮಗನ ಗೆಳೆಯರು ಮೇಜಿನಡಿ ತಲೆ ತೂರಿಸಿ ನಕ್ಕಿದ್ದರು.

ಹೀಗೆ ಊರವರ ಮಕ್ಕಳನ್ನೆಲ್ಲ ಮುಗಿಲಿಗೇರಿಸಿದ ಮನುಷ್ಯನಿಗೆ ಈಗ ಸ್ವಂತ ಮಗಳ ಮದುವೆ ಬಂದಿತ್ತು. ಮಗಳು ವೆಲಿಟಾ ಜನವರಿಯಲ್ಲಿ ಅಬುಧಾಬಿಯ ಹೋಟೆಲೊಂದರಲ್ಲಿ ಕೆಲಸ ಮಾಡುವ ಶರ್ವಿನನನ್ನು ಮದುವೆಯಾಗುವವಳಿದ್ದಳು. ಹಾಲ್ ಬುಕ್ಕಾಗಿತ್ತು, ಗೌನು ಹೊಲಿಗೆಯಲ್ಲಿತ್ತು. ಟೋಸ್ಟ್ ಮಾತ್ರ ಅಪ್ಪನಿಗೆ ಸಿಕ್ಕಿರಲಿಲ್ಲ.

"ನೆಲ್ಸನ್ ಮಾಮ ಹೇಳ್ತಾರೆ," ಎಂದಿದ್ದಳು ವೆಲಿಟಾ. "ಟೂ ಮಿನಿಟ್ಸ್. ಖಲಾಸ್."

ನೆಲ್ಸನ್ ಅಂದರೆ ಕ್ಯಾಮಿಲಸರ ಹೆಂಡತಿ ಪ್ಯಾಟ್ರಿಶಿಯಾಳ ತಮ್ಮ. ಅಬುಧಾಬಿಯವನು. ಬಂದಾಗಲೆಲ್ಲ ಅಲ್ಲಿನ ಮೀನಾ ಬಂದರಿನ ಮಾರ್ಕೆಟಿನಿಂದ ಐಸ್ ಪೆಟ್ಟಿಗೆ ತುಂಬ ಮೀನು ತರುತ್ತಿದ್ದ, ಮಾತನ್ನು ಮಾತ್ರ ತರುತ್ತಿರಲಿಲ್ಲ. ಅವನು ವರ್ಷಕ್ಕೆ ಆಡುವ ಒಟ್ಟು ಮಾತು ಕ್ಯಾಮಿಲಸರ ಒಂದು ಟೋಸ್ಟಿಗೆ ಸಾಲುತ್ತಿರಲಿಲ್ಲ.

"ಅವನಾ? ಅವನು ಹೆಂಡ್ತಿಗೆ ಐ ಲವ್ ಯೂ ಹೇಳಿದ್ದೇ ಮಿಸ್ಡ್ ಕಾಲ್ ಕೊಟ್ಟು!"

"ಅದಕ್ಕೇ ಅವರೇ ಬೇಕು. ಪಪ್ಪಾ, ನೀವು ಮೈಕ್ ಹಿಡಿದ್ರೆ ಚರ್ಚಿನ ಕತೆ ಹೇಳ್ತೀರಿ. ಐ ನೋ ಯೂ."

ಚರ್ಚಿನ ಕತೆ ಇಷ್ಟೇ. ವೆಲಿಟಾ ನಾಲ್ಕು ವರ್ಷದವಳಿದ್ದಾಗ ಪಾದ್ರಿಗಳ ಪ್ರವಚನ ಉದ್ದವಾಯಿತೆಂದು ಬೆಂಚಿನ ಮೇಲೆ ನಿಂತು, ತುಂಬಿದ ಇಗರ್ಜಿಗೆ ಕೇಳುವಂತೆ "ಖಲಾಸ್ ಫಾದರ್, ಯಲ್ಲಾ!" ಎಂದಿದ್ದಳು. 'ಸಾಕು, ನಡೀರಿ' ಎಂಬ ಅರಬಿ ಮಾತು ಅದು. ಕ್ಯಾಮಿಲಸ್ ಈ ಪ್ರಸಂಗವನ್ನು ಯಾರ ಮದುವೆಯೇ ಇರಲಿ, ಉಪ್ಪು ಖಾರ ಹಚ್ಚಿ ಹೇಳಿಯೇ ಹೇಳುತ್ತಿದ್ದರು. ಆ ಹುಡುಗಿಗೆ ಹದಿನೈದು ವರ್ಷವಾದಾಗಿನಿಂದ ಅದನ್ನು ಕೇಳಿದರೆ ಕಿವಿ ಕೆಂಪಾಗುತ್ತಿತ್ತು. ಅಪ್ಪನಿಗೆ ಅದು ಕಾಣುತ್ತಿರಲಿಲ್ಲ. ಮೈಕು ಕೈಯಲ್ಲಿದ್ದಾಗ ಅವರಿಗೆ ಸಭೆಯ ಹಿಂದಿನ ಸಾಲು ಕಾಣುತ್ತಿತ್ತೇ ಹೊರತು ಮನೆಯವರ ಮುಖ ಕಾಣುತ್ತಿರಲಿಲ್ಲ.

ಅಲ್ ನಹ್ದಾದ ತಮ್ಮ ಫ್ಲ್ಯಾಟಿನಲ್ಲಿ ಕ್ಯಾಮಿಲಸ್ ನಾಲ್ಕು ದಿನ ಸಪ್ಪೆ ಮುಖ ಹಾಕಿಕೊಂಡು ತಿರುಗಿದರು. ಅವರಿಗೆ ನಿಜಕ್ಕೂ ನೋವಾಗಿತ್ತು. ಮಗಳು ಹುಟ್ಟಿದ ದಿನ, ಬಟ್ಟೆಯಲ್ಲಿ ಸುತ್ತಿ ನರ್ಸು ಕೈಗೆ ಕೊಟ್ಟಾಗಲೇ, ಇವಳ ಟೋಸ್ಟ್ ನಾನೇ ಹೇಳುತ್ತೇನೆ ಎಂದುಕೊಂಡಿದ್ದ ಮನುಷ್ಯ ಅವರು.

"ಹಾಗೆ ಮೋರೆ ಉಬ್ಬಿಸಿಕೊಂಡು ಕೂತ್ರೆ ಟೋಸ್ಟ್ ಸಿಗುದಿಲ್ಲ," ಎಂದಳು ಪ್ಯಾಟ್ರಿಶಿಯಾ. "ಒಮ್ಮೆ ಆದ್ರೂ ಅವಳು ಹೇಳಿದ ಹಾಗೆ ಕೇಳಿ ತೋರಿಸಿ, ನೋಡುವ."

ತೋರಿಸುವ ಅವಕಾಶ ಬಂದೂಬಂದಿತು. ಬಂದದ್ದು ಬೇಸ್‌ಬಾಲಿನ ರೂಪದಲ್ಲಿ.

ವೆಲಿಟಾ ಕೆಲಸ ಮಾಡುತ್ತಿದ್ದದ್ದು ಸಭೆ ಸಮಾರಂಭ ನಡೆಸಿಕೊಡುವ ಒಂದು ಕಂಪನಿಯಲ್ಲಿ. ದುಬೈಯಲ್ಲಿ ಹೊಸದಾಗಿ ಶುರುವಾದ ಬೇಸ್‌ಬಾಲ್ ಲೀಗಿನ ತಂಡವೊಂದು ತನ್ನ ಹಿರಿಯ ಆಟಗಾರನಿಗೆ ಅಲ್ ಬರ್ಷಾದ ಹೋಟೆಲಿನಲ್ಲಿ ವಿದಾಯದ ಔತಣ ಇಟ್ಟುಕೊಂಡಿತ್ತು. ಆಟಗಾರನ ಹೆಸರು ಎವರಿಸ್ತೊ ಪಾಲ್ಮಾ, ಊರು ಡೊಮಿನಿಕನ್ ರಿಪಬ್ಲಿಕ್. ಹತ್ತೊಂಬತ್ತು ವರ್ಷ ಅಮೆರಿಕದ ಸಣ್ಣ ಸಣ್ಣ ಊರುಗಳ ತಂಡಗಳಲ್ಲಿ ಬಸ್ಸಿನಲ್ಲಿ ತಿರುಗಿ ಆಡಿ, ಅಲ್ಲಿನ ದೊಡ್ಡ ಲೀಗಿನಲ್ಲಿ ಒಂದೇ ಒಂದು ಬೇಸಿಗೆ ಕಾಲ ಕಾಣಿಸಿಕೊಂಡು, ಕೊನೆಗೆ ಮರುಭೂಮಿಗೆ ಬಂದು ಕೈಗವಸು ಬಿಚ್ಚಿಡುತ್ತಿದ್ದ. ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ಗೊತ್ತುಮಾಡಿದ್ದ ನಿರೂಪಕನ ಗಂಟಲು ಕೈಕೊಟ್ಟಿತು. ಡಿಸೆಂಬರಿನಲ್ಲಿ ದುಬೈಯಲ್ಲಿ ಬಿಡುವಿರುವ ನಿರೂಪಕ ಸಿಗುವುದೆಂದರೆ ಪಾರ್ಕಿಂಗ್ ಸಿಕ್ಕಿದಷ್ಟೇ ಪುಣ್ಯ. ವೆಲಿಟಾ ಊರೆಲ್ಲ ಫೋನು ಮಾಡಿ, ಬೇರೆ ದಾರಿ ಕಾಣದೆ, ಅಪ್ಪನ ಎದುರು ಬಂದು ನಿಂತಳು.

"ಪಪ್ಪಾ, ಸ್ಕ್ರಿಪ್ಟ್ ವಾಟ್ಸಾಪ್ ಮಾಡಿದ್ದೇನೆ. ಜಸ್ಟ್ ರೀಡ್ ಇಟ್. ಒಂದು ಶಬ್ದ ಹೆಚ್ಚಿಲ್ಲ, ಒಂದು ಶಬ್ದ ಕಡಿಮೆ ಇಲ್ಲ. ಇದು ಹಾಳಾದ್ರೆ ನನ್ನ ಬಾಸ್ ನನ್ನನ್ನು ಬಿಡುದಿಲ್ಲ."

"ಇದು ಸರಿ ಆದ್ರೆ ಟೋಸ್ಟ್?"

ವೆಲಿಟಾ ಅಪ್ಪನನ್ನು ಒಂದು ಕ್ಷಣ ನೋಡಿದಳು. "ಸರಿ ಆದ್ರೆ ನೋಡುವ."

'ನೋಡುವ' ಎಂಬುದು ಕರಾವಳಿಯಲ್ಲಿ 'ಇಲ್ಲ'ಕ್ಕೆ ತೀರಾ ಹತ್ತಿರದ ಮಾತು. ಆದರೂ ಕ್ಯಾಮಿಲಸರಿಗೆ ಅದು 'ಹೌದು' ಎಂದೇ ಕೇಳಿಸಿತು.

ಮರುದಿನ ಮೈಕು ಪರೀಕ್ಷೆಗೆಂದು ಹೋಟೆಲಿಗೆ ಹೊರಟರು. ಕರೆದುಕೊಂಡು ಹೋದವನು ಪಕ್ಕದ ಫ್ಲ್ಯಾಟಿನ ಜಲೀಲ್. ದೇರಾದಲ್ಲಿ ಮೊಬೈಲ್ ಬಿಡಿಭಾಗಗಳ ವ್ಯಾಪಾರ ಮಾಡುವ, ಉಳ್ಳಾಲದ ಬ್ಯಾರಿ. ಕ್ರಿಕೆಟ್ ಅಂದರೆ ಅಂಗಡಿ ಮುಚ್ಚುವವನು. ಶೇಖ್ ಝಾಯೆದ್ ರಸ್ತೆಯಲ್ಲಿ ಕಾರು ಓಡಿಸಲು ಕ್ಯಾಮಿಲಸರಿಗೆ ಧೈರ್ಯ ಸಾಲದ ಕಾರಣ ಜಲೀಲನೇ ಅವರ ಸಾರಥಿ.

ಸ್ಕ್ರಿಪ್ಟನ್ನು ಕ್ಯಾಮಿಲಸ್ ಓದಿರಲಿಲ್ಲ. ಫೋನಿನಲ್ಲಿ ತೆರೆದು, ಮೂರು ಸಾಲು ನೋಡಿ, 'ಇದರಲ್ಲಿ ಜೀವ ಇಲ್ಲ' ಎಂದು ಮುಚ್ಚಿಟ್ಟಿದ್ದರು. ಅವರ ಪದ್ಧತಿಯೇ ಬೇರೆ. ಟೋಸ್ಟಿಗೆ ಮುಂಚೆ ಮದುಮಗನ ತಾಯಿಗೆ ಫೋನು ಮಾಡಿ, ನಿಮ್ಮ ಮಗನ ದೊಡ್ಡ ಸಾಧನೆ ಯಾವುದು ಎಂದು ಕೇಳುವುದು. ಪಾಲ್ಮಾನ ತಾಯಿ ಸಮುದ್ರದಾಚೆ, ಅದೂ ಸ್ಪ್ಯಾನಿಷ್ ಮಾತಾಡುವವಳು. ಹಾಗಾಗಿ ಹೋಟೆಲಿನ ಲಿಫ್ಟಿನ ಎದುರು ಸಿಕ್ಕಿದ ತಂಡದ ಅಧಿಕಾರಿಯೊಬ್ಬನನ್ನು ಅಡ್ಡಗಟ್ಟಿ, ಈ ಪಾಲ್ಮಾನ ಬ್ಯಾಟಿಂಗ್ ಸರಾಸರಿ ಎಷ್ಟು ಎಂದು ಕೇಳಿದರು. ಅವಸರದಲ್ಲಿದ್ದ ಅಮೆರಿಕದ ಆ ಮನುಷ್ಯ "ಟೂ ಥರ್ಟಿ ವನ್" ಎಂದು ನಕ್ಕು ಲಿಫ್ಟು ಹತ್ತಿಬಿಟ್ಟ.

ಕ್ಯಾಮಿಲಸ್ ನಿಂತಲ್ಲೇ ನಿಂತರು. ಆಮೇಲೆ ಕಾರಿಗೆ ಬಂದು ಕೂತು, ಬಾಗಿಲು ಹಾಕುವುದನ್ನೂ ಮರೆತು ಹೇಳಿದರು.

"ಜಲೀಲ್, ಸರಾಸರಿ ಇನ್ನೂರ ಮೂವತ್ತೊಂದಂತೆ."

"ಯಾರದ್ದು?"

"ಈ ಪಾಲ್ಮಾಂದು."

"ಎಂತ ಮಾರಾಯ ಹೇಳುದು ನೀನು? ಬ್ರಾಡ್ಮನ್ ಅವರದ್ದೇ ನೂರು ಮುಟ್ಟಲಿಲ್ಲ!"

"ಅಧಿಕಾರಿ ಬಾಯಿಂದ ಕೇಳಿ ಬಂದದ್ದು."

ಜಲೀಲ್ ಸ್ಟಾರ್ಟ್ ಮಾಡಿದ್ದ ಕಾರನ್ನು ಆರಿಸಿದ. "ಯಾ ಅಲ್ಲಾ. ಇಂಥವ ನಮ್ಮ ದುಬೈಗೆ ಬಂದು ಆಡಿ ಹೋಗ್ತಾ ಇದ್ದಾನೆ, ಪೇಪರ್‌ನಲ್ಲಿ ಒಂದು ಫೋಟೊ ಸಹ ಬರಲಿಲ್ಲ. ಕ್ಯಾಮಿಲ್, ನಾಳೆ ನಾನೂ ಬರ್ತೇನೆ. ಹಿಂದೆ ನಿಂತ್ಕೊಳ್ತೇನೆ. ಒಮ್ಮೆ ಕಣ್ಣಿನಿಂದ ನೋಡಿದ್ರೆ ಸಾಕು."

ಕ್ರಿಕೆಟಿನ ನೀರು ಕುಡಿದು ಬೆಳೆದ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಧೈರ್ಯ ತುಂಬಿಕೊಂಡರೆ ಅಲ್ಲಿಗೆ ಅನುಮಾನಕ್ಕೆ ಜಾಗವೆಲ್ಲಿ?

ಔತಣದ ಸಂಜೆ ಕ್ಯಾಮಿಲಸ್ ತಮ್ಮ ಮದುವೆಯ ಸೂಟು ತೊಟ್ಟು ಬಂದರು. ಗುಂಡಿ ಹೊಟ್ಟೆಯೊಡನೆ ಜಗಳಕ್ಕೆ ನಿಂತಿತ್ತು. ಮೊದಲ ಹೆಜ್ಜೆಯಲ್ಲೇ ಅವರು ಸ್ಕ್ರಿಪ್ಟನ್ನು ದಾಟಿದರು. ಪಾಲ್ಮಾ ಮತ್ತವನ ಹೆಂಡತಿ ಸುಮ್ಮನೆ ಬಂದು ಕುರ್ಚಿಯಲ್ಲಿ ಕೂರುವುದೆಂದು ಅವರು ನೋಡಿದ್ದ ಆ ಮೂರು ಸಾಲಿನಲ್ಲೇ ಬರೆದಿತ್ತು. ಹಾಗೆಲ್ಲಾದರೂ ಉಂಟೇ? ಆಟಗಾರರನ್ನು ಬಾಗಿಲಿನಿಂದ ವೇದಿಕೆಯವರೆಗೆ ಎರಡು ಸಾಲಾಗಿ ನಿಲ್ಲಿಸಿ, ಬ್ಯಾಟುಗಳನ್ನು ಮೇಲೆತ್ತಿ ಕಮಾನು ಮಾಡಿಸಿ, ಸಂಗೀತದವನಿಗೆ ಕಣ್ಣುಸನ್ನೆ ಮಾಡಿ ಮದುವೆಯ ಮೆರವಣಿಗೆಯ ಬ್ಯಾಂಡನ್ನೇ ಹಾಕಿಸಿದರು. ನಲವತ್ತೆರಡು ವರ್ಷದ ದಢೂತಿ ಪಾಲ್ಮಾ, ಹೆಂಡತಿಯ ಕೈ ಹಿಡಿದುಕೊಂಡು, ನಾಚುತ್ತ ಕಮಾನಿನಡಿ ನಡೆದು ಬಂದ. ಸಭೆ ಚಪ್ಪಾಳೆ ಹೊಡೆಯಿತು. ಧ್ವನಿವರ್ಧಕದ ಮೇಜಿನ ಬಳಿ ನಿಂತಿದ್ದ ವೆಲಿಟಾ ಮೊದಲು ಬೆಚ್ಚಿ, ಆಮೇಲೆ ತನ್ನ ಬಾಸ್ ಕೂಡ ಚಪ್ಪಾಳೆ ಹೊಡೆಯುವುದನ್ನು ಕಂಡು ಉಸಿರು ಬಿಟ್ಟಳು.

ಅಲ್ಲಿಗೇ ನಿಲ್ಲಿಸಿದ್ದರೆ ಕ್ಯಾಮಿಲಸ್ ಗೆದ್ದಿದ್ದರು. ಆದರೆ ಗೆದ್ದಲ್ಲಿ ನಿಲ್ಲುವ ಜಾಯಮಾನ ಅವರದಲ್ಲ. ಮೈಕನ್ನು ತುಟಿಗೆ ಹತ್ತಿರ ತಂದು, ಇಂಗ್ಲಿಷಿನಲ್ಲಿ, ಟೋಕನ್ ಕರೆಯುವ ಆ ಗಂಭೀರ ಕಂಠದಲ್ಲಿ ಶುರು ಮಾಡಿದರು.

"ಮಹನೀಯರೇ, ಮಹಿಳೆಯರೇ! ನಮ್ಮ ಕಡೆ ಕ್ರಿಕೆಟ್ ಎಂಬ ಆಟವಿದೆ. ಆ ಆಟದ ಚಕ್ರವರ್ತಿ ಬ್ರಾಡ್ಮನ್ ಅವರ ಸರಾಸರಿ ಕೂಡ ನೂರು ಮುಟ್ಟಲಿಲ್ಲ. ಆದರೆ ಇವತ್ತು ನಮ್ಮ ನಡುವೆ ಕುಳಿತಿರುವ ಎವರಿಸ್ತೊ ಪಾಲ್ಮಾ ಅವರ ಜೀವಮಾನದ ಸರಾಸರಿ ಎಷ್ಟು ಗೊತ್ತೇ? ಇನ್ನೂರ! ಮೂವತ್ತೊಂದು!"

ಸಭೆಯಲ್ಲಿ ಮರುಗಳಿಗೆ ಸಿಡಿಯಿತು ನೋಡಿ ನಗು! ಒಬ್ಬ ಮೇಜು ಗುದ್ದಿದ, ಇನ್ನೊಬ್ಬ ಕುರ್ಚಿಯಿಂದ ಜಾರಿದ, ಪಾಲ್ಮಾನ ಹೆಂಡತಿ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡಳು. ಇದನ್ನು ಹರ್ಷೋದ್ಗಾರ ಎಂದೇ ತಿಳಿದ ಕ್ಯಾಮಿಲಸ್ ಉಬ್ಬಿಹೋಗಿ ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ, "ಇನ್ನೂರ ಮೂವತ್ತೊಂದು!" ಎಂದರು. ಸಭೆ ಹೊಟ್ಟೆ ಹಿಡಿದುಕೊಂಡಿತು. ಹಿಂದಿನ ಗೋಡೆಗೊರಗಿದ್ದ ಜಲೀಲ್ ಹೆಮ್ಮೆಯಿಂದ ಎರಡೂ ಹೆಬ್ಬೆರಳು ಎತ್ತಿ ತೋರಿಸಿದ.

ಆಗ ಅವರ ಕಣ್ಣು, ಎಂದೂ ಇಲ್ಲದ್ದು, ಮಗಳ ಕಡೆ ಹೋಯಿತು. ವೆಲಿಟಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಬೆರಳುಗಳಾಚೆ ಕಿವಿಯ ಅಂಚು ಕೆಂಪಾಗಿದ್ದದ್ದು ಕಾಣುತ್ತಿತ್ತು. ಕ್ಯಾಮಿಲಸ್ ಮೈಕನ್ನು ಬಾಯಿಂದ ಕೆಳಗಿಳಿಸಿದರು.

ಮುಂದಿನ ಸಾಲಿನಿಂದ ಒಬ್ಬ ಯುವಕ ವೇದಿಕೆಗೆ ಹಾರಿ ಬಂದ. ಅನಿಕೇತ್ ಎಂದು ಹೆಸರು, ಪುಣೆಯವನು, ಮೊದಲು ಕ್ರಿಕೆಟಿನಲ್ಲಿ ವೇಗದ ಬೌಲರ್ ಆಗಿದ್ದು ಈಗ ಇದೇ ತಂಡದಲ್ಲಿ ಚೆಂಡೆಸೆಯುವ ಪಿಚ್ಚರ್. ನಗು ತಡೆದುಕೊಂಡು ಕ್ಯಾಮಿಲಸರ ಕಿವಿಯಲ್ಲಿ ಹಿಂದಿಯಲ್ಲಿ ಉಸುರಿದ.

"ಅಂಕಲ್, ಅದರ ಮೊದಲಿಗೆ ಒಂದು ದಶಮಾಂಶದ ಚುಕ್ಕಿ ಇದೆ. ಬೇಸ್‌ಬಾಲಿನಲ್ಲಿ ಮಾತಾಡುವಾಗ ಯಾರೂ ಚುಕ್ಕಿ ಹೇಳುವುದಿಲ್ಲ ಅಷ್ಟೆ. ಸಾವಿರ ಸಲ ಬ್ಯಾಟ್ ಬೀಸಲು ಹೋದರೆ ಇನ್ನೂರ ಮೂವತ್ತೊಂದು ಸಲ ಹೊಡೆತ ಬಿತ್ತು ಅಂತ ಅರ್ಥ. ಉಳಿದಷ್ಟೂ ಸಲ ಔಟ್. ಅದು ಸಾಧನೆಯಲ್ಲ, ನಾವೆಲ್ಲ ಅವರನ್ನು ಗೇಲಿ ಮಾಡುವ ನಂಬರು."

ಕ್ಯಾಮಿಲಸರಿಗೆ ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಹೋಟೆಲಿನ ನೆಲ ಗಟ್ಟಿ ಅಮೃತಶಿಲೆಯದು, ಬಿಡಲಿಲ್ಲ. ಜೇಬಿನಲ್ಲಿ ಫೋನು, ಫೋನಿನಲ್ಲಿ ಸ್ಕ್ರಿಪ್ಟು, ಸ್ಕ್ರಿಪ್ಟಿನಲ್ಲಿ ಆ ಚುಕ್ಕಿ ಇದ್ದೇ ಇರಬೇಕು. ತಾನು ಯಾರನ್ನು ಗೆಲ್ಲಿಸಬೇಕೆಂದು ಬಂದೆನೋ ಅವಳನ್ನೇ ಎಲ್ಲರೆದುರು ತಲೆ ತಗ್ಗಿಸುವಂತೆ ಮಾಡಿದೆ ಎಂದು ಅವರಿಗೆ ಅತ್ತುಬಿಡುವಷ್ಟು ದುಃಖವಾಯಿತು.

ಮೈಕು ಮಾತ್ರ ಕೈಯಲ್ಲೇ ಇತ್ತು. ಅವರು ಪಾಲ್ಮಾನ ಕಡೆ ತಿರುಗಿ, ಬಣ್ಣವಿಲ್ಲದ ದನಿಯಲ್ಲಿ ಹೇಳಿದರು.

"ಸರ್, ಕ್ಷಮಿಸಿ. ನಾನು ನಿಮ್ಮನ್ನು ಅಟ್ಟಕ್ಕೇರಿಸಿದೆ, ಈ ಹುಡುಗ ಏಣಿ ತೆಗೆದುಬಿಟ್ಟ. ಹತ್ತು ಸಲ ಹೋದರೆ ಏಳೆಂಟು ಸಲ ಬರಿಗೈಯಲ್ಲಿ ವಾಪಸ್ ಬರುತ್ತಿದ್ದಿರಂತೆ, ನಿಜವೇ?"

"ನಿಜ," ಎಂದ ಪಾಲ್ಮಾ ನಗುತ್ತ. "ಎಂಟಕ್ಕೇ ಹತ್ತಿರ."

"ಆದರೂ ಹತ್ತೊಂಬತ್ತು ವರ್ಷ ನಿಮ್ಮನ್ನು ಇಟ್ಟುಕೊಂಡರೇ?"

ಸಭೆ ಮತ್ತೆ ನಕ್ಕಿತು, ಈ ಸಲ ಮೆಲ್ಲಗೆ. ಕ್ಯಾಮಿಲಸ್ ಮುಂದುವರಿಸಿದರು.

"ನಮ್ಮ ಜನರಲ್ಲಿ ಮದುವೆ ಮಾತುಕತೆಗೆ ಮುಂಚೆ ಹುಡುಗನ ಬಯೋಡೇಟಾ ಬರುತ್ತದೆ. ಕೆಲವು ಸಲ ಅದರಲ್ಲಿ ಏನೂ ಇರುವುದಿಲ್ಲ. ಆದರೂ ಹುಡುಗಿಯ ತಾಯಿ ನಗುನಗುತ್ತ ಕೂತಿರುತ್ತಾಳೆ. ಹಾಗಿದ್ದರೆ ಅದರಲ್ಲಿ ಬರೆಯದ್ದೊಂದು ಅವನಲ್ಲಿ ಉಂಟೆಂದೇ ಲೆಕ್ಕ. ಇವರಲ್ಲಿರುವುದು ಏನೆಂದು ನನಗೆ ಗೊತ್ತಿಲ್ಲ. ಗೊತ್ತಿರುವವರು ದಯಮಾಡಿ ಹೇಳಿ." ಇಷ್ಟು ಹೇಳಿ, ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ, ಯಾರೂ ಕೇಳದೆಯೇ ಮೈಕನ್ನು ಬಿಟ್ಟುಕೊಟ್ಟರು.

ತೆಗೆದುಕೊಂಡವನು ಅನಿಕೇತ್. ಪಾಲ್ಮಾ ಆಡುತ್ತಿದ್ದದ್ದು ಕ್ಯಾಚರ್ ಆಗಿ, ಎಂದು ಅವನು ಸಭೆಗಿಂತ ಹೆಚ್ಚಾಗಿ ಕ್ಯಾಮಿಲಸರಿಗೆ ಹೇಳಿದ. ನಮ್ಮ ವಿಕೆಟ್ ಕೀಪರ್ ಇದ್ದಂತೆ, ಆದರೆ ಆಟ ಮುಗಿಯುವವರೆಗೂ ಕುಕ್ಕರಗಾಲಿನಲ್ಲಿ ಕೂತಿರಬೇಕು.

"ನನ್ನ ಮೊದಲ ಪಂದ್ಯ. ಎಸೆದ ಚೆಂಡೆಲ್ಲ ಎಲ್ಲೆಲ್ಲೋ ಹೋಗುತ್ತಿತ್ತು. ಜನ ನಗುತ್ತಿದ್ದರು, ನನ್ನ ಕಾಲು ನಡುಗುತ್ತಿತ್ತು. ಆಗ ಈ ಮುದುಕ ಮುಖವಾಡ ತೆಗೆದು, ಆಟ ನಿಲ್ಲಿಸಿ, ನಿಧಾನಕ್ಕೆ ನನ್ನ ಹತ್ತಿರ ನಡೆದು ಬಂದ. ಬೈಯುತ್ತಾನೆ ಅಂದುಕೊಂಡೆ. ಯಾರಿಗೂ ಕಾಣಬಾರದೆಂದು ಕೈಗವಸಿನಿಂದ ಬಾಯಿ ಮುಚ್ಚಿಕೊಂಡು ಕೇಳಿದ, ಈ ಊರಲ್ಲಿ ಒಳ್ಳೆ ಬಿರಿಯಾನಿ ಎಲ್ಲಿ ಸಿಗುತ್ತೆ? ಕರಾಮಾದಲ್ಲಿ ಅಂದೆ. ಮಟನ್ನೋ ಚಿಕನ್ನೋ? ಮಟನ್ ಅಂದೆ. ಹಾಗಾದರೆ ಬೇಗ ಇದನ್ನು ಮುಗಿಸು, ಹಸಿವಾಗಿದೆ ಅಂದು ವಾಪಸ್ ಹೋದ. ಅಷ್ಟೇ. ನನ್ನ ಕಾಲು ನಡುಗುವುದು ನಿಂತಿತು."

ಅವನು ಮುಗಿಸುವಷ್ಟರಲ್ಲಿ ಇನ್ನೊಬ್ಬ ಎದ್ದ. ತನ್ನ ಕೈ ಸೋತ ದಿನ ಇದೇ ಪಾಲ್ಮಾ ನಡೆದು ಬಂದು, ಹೊಸ ನಾಯಿಮರಿಗೆ ಏನು ಹೆಸರಿಡಲಿ ಎಂದು ಕೇಳಿದ್ದನಂತೆ. ಮತ್ತೊಬ್ಬನ ಹತ್ತಿರ ಬಂದು ಅತ್ತೆಗೆ ಉಡುಗೊರೆ ಏನು ಕೊಡಲಿ ಎಂದಿದ್ದನಂತೆ. ಕುಳಿತಿದ್ದ ಪಿಚ್ಚರುಗಳಲ್ಲಿ ಅಂಥದೊಂದು ಪ್ರಶ್ನೆ ಕೇಳಿಸಿಕೊಳ್ಳದವನೇ ಇರಲಿಲ್ಲ. ಪಾಲ್ಮಾ ಈಗ ನಗುತ್ತಿರಲಿಲ್ಲ. ದೊಡ್ಡ ಎರಡು ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ತಲೆ ಬಗ್ಗಿಸಿ ಕೂತಿದ್ದ.

ಮೈಕು ಮರಳಿ ಕೈಗೆ ಬಂದಾಗ ಕ್ಯಾಮಿಲಸ್ ಹೆಚ್ಚು ಮಾತಾಡಲಿಲ್ಲ. ದ್ರಾಕ್ಷಿ ರಸದ ಗ್ಲಾಸು ಎತ್ತಿ, "ಎಲ್ಲರೂ ಎದ್ದು ನಿಲ್ಲಿ. ಹೆದರಿದವನ ಹತ್ತಿರ ನಡೆದು ಹೋದವನಿಗಾಗಿ," ಎಂದರು. ಎಲ್ಲರೂ ಎದ್ದರು. ಹಿಂದಿನ ಗೋಡೆಯ ಬಳಿ ಗ್ಲಾಸಿಲ್ಲದ ಜಲೀಲ್ ನೀರಿನ ಬಾಟಲಿಯನ್ನೇ ಎತ್ತಿದ.

ವಾಪಸ್ ಬರುವಾಗ ಜಲೀಲನ ಕಾರಿನಲ್ಲಿ ಮೂವರೂ ಇದ್ದರು. ವೆಲಿಟಾಳ ಬಾಸ್ ಕೈ ಕುಲುಕಿ ಕಳಿಸಿದ್ದರೂ ಅವಳ ಮುಖ ಬಿಗಿದಿತ್ತು.

"ಏನೇ ಹೇಳು, ಇನ್ನೂರ ಮೂವತ್ತೊಂದು ನಿಜವೇ ಆಗಿದ್ರೆ ಭಾರೀ ಲಾಯ್ಕಿತ್ತು," ಎಂದ ಜಲೀಲ್ ನಿಟ್ಟುಸಿರಿಟ್ಟು.

"ಪಪ್ಪಾ, ಸ್ಕ್ರಿಪ್ಟಲ್ಲಿ ಚುಕ್ಕಿ ಇತ್ತು," ಎಂದಳು ವೆಲಿಟಾ. "ಅದೇ ಸಾಲಿಗೆ ನಾನು ಹಳದಿ ಬಣ್ಣ ಹಚ್ಚಿದ್ದೆ. ನಿಮಗಾಗಿಯೇ."

"ನಂದೇ ತಪ್ಪು ಮಗಾ." ಕ್ಯಾಮಿಲಸ್ ಹಿಂದೆ ತಿರುಗಲಿಲ್ಲ. "ನಿನ್ನ ಕಿವಿ ಕೆಂಪಾದ್ದು ಇವತ್ತು ನೋಡಿದೆ. ಇಷ್ಟು ವರ್ಷ ನೋಡಿರ್ಲಿಲ್ಲ. ಟೋಸ್ಟ್ ನೆಲ್ಸನ್ನೇ ಹೇಳ್ಲಿ. ನಾನು ಕೂತು ಕೇಳ್ತೇನೆ."

ವೆಲಿಟಾ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮನೆಯಲ್ಲಿ ಎಲ್ಲವನ್ನೂ ಕೇಳಿದ ಪ್ಯಾಟ್ರಿಶಿಯಾ ಗಂಡನನ್ನು ಕೆಣಕಲು ಬಾಯಿ ತೆರೆದವಳು, ಅವರ ಮುಖ ನೋಡಿ, ಸುಮ್ಮನೆ ಅನ್ನ ಬಡಿಸಿದಳು.

ವಾರ ಕಳೆದ ಮೇಲೆ ನೆಲ್ಸನನ ಫೋನು ಬಂತು. ಅವನಾಗಿಯೇ ಫೋನು ಮಾಡಿದ್ದೇ ಒಂದು ಸುದ್ದಿ.

"ಭಾವ, ಟೋಸ್ಟ್ ನಿಮ್ಮದಂತೆ. ವೆಲಿಟಾ ಹೇಳಿದ್ಲು. ನಾನು ಬದುಕಿದೆ." ಇಷ್ಟು ಹೇಳಿ ಇಟ್ಟುಬಿಟ್ಟ.

ಮದುವೆಯ ಸಂಜೆ ಕೇಕು ಕತ್ತರಿಸಿ ಆಯಿತು. ಹಾಲಿನಲ್ಲಿ ನಾನೂರು ಜನ. ಅಪ್ಪನೇ ಟೋಸ್ಟ್ ಹೇಳುವುದು ರೂಢಿಯಲ್ಲ. ಆದ್ದರಿಂದ ಎಲ್ಲರಿಗೂ ಕುತೂಹಲ, ಕೆಲವರಿಗೆ ಗಡಿಯಾರದ ಚಿಂತೆ. ಕ್ಯಾಮಿಲಸ್ ಎದ್ದರು, ಮೈಕು ಹಿಡಿದರು, "ಪ್ರಿಯ ಬಂಧುಗಳೇ" ಎಂದರು. ಆಮೇಲೆ ವೇದಿಕೆಯ ಮೇಲೆ ಬಿಳಿ ಗೌನಿನಲ್ಲಿ ಕೂತ ಮಗಳನ್ನು ನೋಡಿದರು. ನೋಡಬಾರದಿತ್ತು.

ನೂರಾರು ಮದುವೆಗಳಲ್ಲಿ ಮೊಳಗಿದ ಕಂಠ, ತನ್ನದೇ ಮನೆಯ ಮದುವೆಯಲ್ಲಿ ಒಂದಕ್ಷರವೂ ಹೊರಡದೆ ನಿಂತಿತು. ಮೈಕು ಕುಂಯ್ ಎಂದಿತು. ಯಾರೋ ಕೆಮ್ಮಿದರು. ಪ್ಯಾಟ್ರಿಶಿಯಾ ತಮ್ಮನ ಕಡೆ ನೋಡಿದಳು. ನೆಲ್ಸನ್ ಬಿಳಿಚಿಕೊಂಡು ಅರ್ಧ ಎದ್ದ.

ಅಷ್ಟರಲ್ಲಿ ಮದುಮಗಳು ಎದ್ದು ನಿಂತಳು. ಗೌನನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಮೆಟ್ಟಿಲಿಳಿದು, ನಿಧಾನಕ್ಕೆ ಇಡೀ ಹಾಲನ್ನು ದಾಟಿ ಅಪ್ಪನ ಹತ್ತಿರ ನಡೆದು ಬಂದಳು. ಮೈಕನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯ ಹೂಗುಚ್ಛವನ್ನು ತನ್ನ ಬಾಯಿಗೆ ಅಡ್ಡ ಹಿಡಿದಳು.

"ಪಪ್ಪಾ, ನಾಳೆ ನಾವು ಮನೆಗೆ ಊಟಕ್ಕೆ ಬರುವಾಗ ಬಂಗುಡೆ ಮಾಡ್ತೀರಾ, ಅಂಜಲ್ ಮಾಡ್ತೀರಾ?"

ಕ್ಯಾಮಿಲಸ್ ಕಣ್ಣು ಪಿಳಿಪಿಳಿ ಬಿಟ್ಟರು. "ಅಂಜಲ್," ಎಂದರು ಹೇಗೋ. "ನೆಲ್ಸನ್ ಮೀನಾದಿಂದ ತಂದಿದ್ದಾನೆ."

"ಫ್ರೈ?"

"ಅರ್ಧ ಫ್ರೈ. ಅರ್ಧ ಗಸಿ."

"ಗುಡ್. ಬೇಗ ಮುಗಿಸಿ, ಹಸಿವಾಗ್ತದೆ." ಅವಳು ಮೈಕಿನ ಮೇಲಿನ ಕೈ ತೆಗೆದು ಎರಡು ಹೆಜ್ಜೆ ಹೋಗಿ, ತಿರುಗಿ ನಿಂತಳು. ಅವಳ ಕಿವಿ ಕೆಂಪಾಗಿತ್ತು. "ಮತ್ತೆ, ಚರ್ಚಿನ ಕತೆಯಿಂದ್ಲೇ ಶುರು ಮಾಡಿ."